ರೋಮನ್ ಚಕ್ರವರ್ತಿಗಳ ನಾಣ್ಯಗಳಲ್ಲಿ ದೇವತಾ ಪ್ರತೀಕಗಳು

ಮಾನವನ ನಾಗರಿಕ ಜೀವನದಲ್ಲಿ ನಾಣ್ಯವು ಪಡೆದಿರುವ ಸ್ಥಾನವು ವಿಶಿಷ್ಟವಾದುದು. ಶಿಲಾಶಾಸನವು ನೆಟ್ಟ ಎಡೆಯಲ್ಲಿಯೇ ನಿಲ್ಲುತ್ತದೆ. ಅದನ್ನು ಓದಬಯಸುವವನು ಅದಿರುವಲ್ಲಿಗೆ ಹೋಗಬೇಕು. ತಾಮ್ರಪಟವು ದಾನ ಪಡೆದವನ ಮನೆಯ ಪೆಟ್ಟಿಗೆಯಲ್ಲಿ ಅಡಗಿರುತ್ತದೆ. ನಾಣ್ಯವಾದರೋ ತಾನೇ ಜನರನ್ನು ಅರಸಿಕೊಂಡು ಹೋಗುತ್ತದೆ. ದೊರೆಯನ್ನು ಎಂದೂ ಕಾಣದ ಒಕ್ಕಲಿಗನೂ, ಅವನ ಭಾಷೆಯನ್ನೇ ಅರಿಯದ ವರ್ತಕನೂ ನಾಣ್ಯದ ಮೂಲಕ ಅವನ ಮುಖವನ್ನು ಕಾಣುತ್ತಾರೆ. ಕೈಯಿಂದ ಕೈಗೆ ಸಾಗುವ ಈ ಕಿರಿಯ ಲೋಹದ ಬಿಲ್ಲೆಯನ್ನು ರಾಜ್ಯಶಾಸನದ ವಾಹನವನ್ನಾಗಿ ರೋಮನ್ ಸಾಮ್ರಾಜ್ಯವು ಬಳಸಿಕೊಂಡಷ್ಟು ಜಾಣ್ಮೆಯಿಂದ ಪ್ರಾಚೀನ ಪ್ರಪಂಚದ ಅನ್ಯ ರಾಜ್ಯಗಳು ಬಳಸಿಕೊಂಡುದು ವಿರಳ.

ರೋಮನ್ ಚಕ್ರವರ್ತಿಗಳ ನಾಣ್ಯದ ಮುಂಬದಿಯಲ್ಲಿ ಸಾಮಾನ್ಯವಾಗಿ ಚಕ್ರವರ್ತಿಯ ಮುಖವಿರುತ್ತದೆ. ಹಿಂಬದಿಯಲ್ಲಿ ಬಹುಮಟ್ಟಿಗೆ ಒಬ್ಬ ದೇವತೆಯೋ, ದೇವಾಲಯವೋ, ಬಲಿಪೀಠವೋ, ಪೂಜೋಪಕರಣವೋ ಇರುತ್ತದೆ. ಇದನ್ನು ನೋಡಿ, ರೋಮನರು ಪರಮ ದೈವಭಕ್ತರಾಗಿದ್ದರೆಂದು ಹೇಳಿ ಮುಗಿಸುವುದು ಸುಲಭ. ಆದರೆ ನಾಣ್ಯದ ಮೇಲಿನ ದೇವತೆಯು ಯಾರ ಭಕ್ತಿಗೆ ಸಾಕ್ಷಿ? ಪ್ರಜೆಯ ಹೃದಯದಲ್ಲಿದ್ದ ಶ್ರದ್ಧೆಗೋ, ಪ್ರಭುವಿಗೆ ಒದಗಿದ ಅಗತ್ಯಕ್ಕೋ? ಈ ಪ್ರಶ್ನೆಯನ್ನು ಮುಂದಿರಿಸಿಕೊಂಡು, ಆಗಸ್ಟಸ್‌ನಿಂದ ಮೊದಲ್ಗೊಂಡು ಸುಮಾರು ಏಳು ಶತಮಾನಗಳ ನಾಣ್ಯಗಳನ್ನು ಸ್ಥೂಲವಾಗಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಕಮ್ಮಟವೂ ದೇವಾಲಯವೂ

ಟಂಕಸಾಲೆಗೆ ಕನ್ನಡದಲ್ಲಿ ಕಮ್ಮಟವೆಂಬ ಹಳೆಯ ಹೆಸರುಂಟು. ರೋಮ್ ನಗರದಲ್ಲಿ ಗಣರಾಜ್ಯದ ಕಾಲದ ಕಮ್ಮಟವು ಕ್ಯಾಪಿಟೋಲಿನ್ ಗುಡ್ಡದ ಮೇಲೆ ಜೂನೋ ದೇವಿಯ ಗುಡಿಯ ಬಳಿಯಲ್ಲಿತ್ತು. ಆ ದೇವಿಗೆ ಅಲ್ಲಿ ‘ಮೊನೇಟ’ ಎಂಬ ವಿಶೇಷಣವಿದ್ದಿತು. ಇಂಗ್ಲಿಷಿನಲ್ಲಿ ಹಣಕ್ಕೆ ಹೇಳುವ ‘ಮನಿ’ ಎಂಬ ಶಬ್ದವೂ ಟಂಕಸಾಲೆಗೆ ಹೇಳುವ ‘ಮಿಂಟ್’ ಎಂಬ ಶಬ್ದವೂ ಈ ದೇವಿಯ ಹೆಸರಿನಿಂದಲೇ ಹುಟ್ಟಿದವು. ಹೀಗೆ ರೋಮ್‌ನಲ್ಲಿ ಹಣವು ಹುಟ್ಟುವಾಗಲೇ ದೇವತೆಯ ನೆರಳಿನಲ್ಲಿ ಹುಟ್ಟಿತು.

ನಾಣ್ಯವನ್ನು ಮಾಡುವ ಕ್ರಮವು ಸರಳವಾಗಿದ್ದಿತು. ತೂಕಮಾಡಿದ ಲೋಹದ ಬಿಲ್ಲೆಯನ್ನು ಕಾಯಿಸಿ, ಅಡಿಗಲ್ಲಿನಲ್ಲಿ ಬಿಗಿದ ಕೆಳಗಿನ ಅಚ್ಚಿನ ಮೇಲಿಟ್ಟು, ಮೇಲಿನ ಅಚ್ಚನ್ನು ಅದರ ಮೇಲೆ ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಕೆಳಗಿನ ಅಚ್ಚಿನಲ್ಲಿ ಚಕ್ರವರ್ತಿಯ ಮುಖ, ಮೇಲಿನದರಲ್ಲಿ ದೇವತೆಯ ರೂಪ. ಒಂದೇ ಹೊಡೆತಕ್ಕೆ ಇಬ್ಬರೂ ಒಂದೇ ಲೋಹದ ಎರಡು ಬದಿಗಳಾಗುತ್ತಿದ್ದರು. ಚಿತ್ರಗಳನ್ನು ಚಕ್ರವರ್ತಿಯೇ ಆರಿಸುತ್ತಿದ್ದನೋ, ಕಮ್ಮಟದ ಅಧಿಕಾರಿಗಳು ಆರಿಸುತ್ತಿದ್ದರೋ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಚರ್ಚೆಯುಂಟು. ಯಾರು ಆರಿಸಿದರೂ ಅವು ಚಕ್ರವರ್ತಿಯ ಹೆಸರಿನಲ್ಲಿಯೇ ಹೊರಬರುತ್ತಿದ್ದವೆಂಬುದರಲ್ಲಿ ಸಂಶಯವಿಲ್ಲ.

ರೋಮನರ ಬೆಳ್ಳಿಯ ನಾಣ್ಯಕ್ಕೆ ಡಿನೇರಿಯಸ್ ಎಂದು ಹೆಸರು. ಈ ಹೆಸರೇ ಭಾರತಕ್ಕೆ ಬಂದು ‘ದೀನಾರ’ವಾಯಿತು. ಗುಪ್ತರ ಕಾಲದ ಶಾಸನಗಳಲ್ಲಿ ಚಿನ್ನದ ನಾಣ್ಯಕ್ಕೆ ಈ ಶಬ್ದವನ್ನು ಬಳಸಿದೆ. ಅಮರಸಿಂಹನು ‘ನಿಷ್ಕ’ ಶಬ್ದದ ಅರ್ಥಗಳಲ್ಲಿ ದೀನಾರವನ್ನೂ ಹೇಳಿದ್ದಾನೆ. ರೋಮನರ ದೇವಾಧಿದೇವನಾದ ಜೂಪಿಟರ್‌ನ ಹೆಸರು ವೇದದ ‘ದ್ಯೌಃ ಪಿತಾ’ ಎಂಬುದರ ಸೋದರ ಶಬ್ದ; ‘ದಿವಸ್’ ಎಂಬ ಲ್ಯಾಟಿನ್ ಪದವು ನಮ್ಮ ‘ದೇವ’ ಶಬ್ದದ ಸೋದರ. ಈ ಕೊನೆಯ ಪದದಲ್ಲಿಯೇ ರೋಮನ್ ನಾಣ್ಯಗಳ ರಹಸ್ಯದ ಬೀಗದ ಕೈ ಅಡಗಿದೆ.

ದೇವಪುತ್ರನಾದ ಚಕ್ರವರ್ತಿ

ಲ್ಯಾಟಿನ್ ಭಾಷೆಯಲ್ಲಿ ದೇವನಿಗೆ ‘ದೇಉಸ್’ ಎಂದೂ ‘ದಿವಸ್’ ಎಂದೂ ಎರಡು ಪದಗಳಿವೆ. ಚಕ್ರಾಧಿಪತ್ಯದ ಕಾಲದ ರೂಢಿಯಲ್ಲಿ ಮೊದಲನೆಯದು ಅನಾದಿಯಿಂದಲೂ ದೇವನಾಗಿರುವವನಿಗೆ. ಎರಡನೆಯದು ಮನುಷ್ಯನಾಗಿ ಬಾಳಿ ಮರಣಾನಂತರ ದೇವಪದವಿಗೇರಿದವನಿಗೆ. ಕ್ರಿ. ಪೂ. ೪೪ರಲ್ಲಿ ಜೂಲಿಯಸ್ ಸೀಸರನ ಮುಖವು ಅವನು ಬದುಕಿರುವಾಗಲೇ ರೋಮ್‌ನ ನಾಣ್ಯಗಳಲ್ಲಿ ಕಾಣಿಸಿಕೊಂಡಿತು. ಹಿಂಬದಿಯಲ್ಲಿ ಅವನ ವಂಶದ ಮೂಲಮಾತೆಯೆಂದು ಹೇಳಿಕೊಳ್ಳುತ್ತಿದ್ದ ವೀನಸ್ ದೇವಿಯಿದ್ದಳು. ರೋಮ್‌ನ ಕಮ್ಮಟದಲ್ಲಿ ಬದುಕಿರುವ ರೋಮನನೊಬ್ಬನ ಮುಖವನ್ನು ಹಾಕಿದುದು ಅದುವರೆಗಿನ ಸಂಪ್ರದಾಯಕ್ಕೆ ವಿರುದ್ಧವಾಗಿತ್ತು. ಅದೇ ವರ್ಷ ಸೀಸರನು ಕೊಲೆಗೀಡಾದನು. ಅನಂತರ ಆಕಾಶದಲ್ಲಿ ಒಂದು ಧೂಮಕೇತು ಕಾಣಿಸಲು, ಜನರು ಅದನ್ನು ಸೀಸರನ ಆತ್ಮವೆಂದು ಭಾವಿಸಿದರು. ಸೆನೆಟ್ ಸಭೆಯು ಅವನನ್ನು ದಿವಸ್ ಎಂದು ಘೋಷಿಸಿತು. ಅವನ ದತ್ತುಪುತ್ರನಾದ ಆಗಸ್ಟಸ್‌ನು ಎಂಟು ಕಿರಣಗಳುಳ್ಳ ಆ ಧೂಮಕೇತುವನ್ನು ‘ದಿವಸ್ ಯೂಲಿಯಸ್’ ಎಂಬ ಅಕ್ಷರಗಳೊಡನೆ ತನ್ನ ಡಿನೇರಿಯಸ್‌ಗಳಲ್ಲಿ ಮುದ್ರಿಸಿದನು.

ತಂದೆ ದೇವನಾದ ಮೇಲೆ ಮಗನು ದೇವಪುತ್ರನಾಗಲೇಬೇಕು. ‘ದಿವಿ ಫಿಲಿಯಸ್’, ಎಂದರೆ ದೇವಪುತ್ರ, ಎಂಬ ಬಿರುದು ಆಗಸ್ಟಸ್‌ನ ನಾಣ್ಯಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ರೋಮ್ ನಗರದಲ್ಲಿ ತನ್ನನ್ನು ದೇವನೆಂದು ಕರೆಯಲು ಅವನು ಅವಕಾಶ ಕೊಡಲಿಲ್ಲ. ದೇವನ ಮಗನೆಂದು ಕರೆಯುವುದನ್ನು ತಡೆಯಲೂ ಇಲ್ಲ. ಕ್ರಿ. ಪೂ. ೧೨ರಲ್ಲಿ ‘ಪೊಂಟಿಫೆಕ್ಸ್ ಮ್ಯಾಕ್ಸಿಮಸ್’, ಅಂದರೆ ಮಹಾಪುರೋಹಿತ, ಎಂಬ ಪದವಿಯನ್ನೂ ಅವನು ವಹಿಸಿಕೊಂಡನು. ಅಂದಿನಿಂದ ರಾಜದಂಡವೂ ಪೌರೋಹಿತ್ಯವೂ ಒಂದೇ ಕೈಯಲ್ಲಿ ಸೇರಿದವು.

ಈ ಮಾತಿಗೆ ಕನ್ನಡ ನಾಡಿನ ಮಣ್ಣಿನಲ್ಲಿಯೂ ಸಾಕ್ಷಿಯಿದೆ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಶಾತವಾಹನರ ಕಾಲದ ಅವಶೇಷಗಳೊಡನೆ ಆಗಸ್ಟಸ್ ಮತ್ತು ಟೈಬೀರಿಯಸ್‌ರ ಡಿನೇರಿಯಸ್‌ಗಳು ದೊರೆತಿವೆ. ಬೆಂಗಳೂರಿನ ಯಶವಂತಪುರದಲ್ಲಿ ೧೮೯೧ರಲ್ಲಿ ೧೬೩ ರೋಮನ್ ಬೆಳ್ಳಿಯ ನಾಣ್ಯಗಳ ನಿಧಿಯು ಸಿಕ್ಕಿತು. ದಕ್ಷಿಣ ಭಾರತದಲ್ಲಿ ದೊರೆಯುವ ರೋಮನ್ ಬೆಳ್ಳಿಯ ನಾಣ್ಯಗಳಲ್ಲಿ ಎರಡು ಬಗೆಯವು ಅತ್ಯಧಿಕ. ಒಂದರಲ್ಲಿ ಆಗಸ್ಟಸ್‌ನ ಮೊಮ್ಮಕ್ಕಳಾದ ಗಾಯಸ್ ಮತ್ತು ಲೂಸಿಯಸ್‌ರು ಗುರಾಣಿ ಭರ್ಜಿಗಳೊಡನೆ ನಿಂತಿದ್ದಾರೆ. ಅವರ ಮೇಲ್ಗಡೆ ತರ್ಪಣ ಮಾಡುವ ಸೌಟು ಮತ್ತು ಶಕುನ ನೋಡುವ ಪುರೋಹಿತನ ಬಾಗಿದ ಕೋಲು ಇವೆ. ಆ ತರುಣರಲ್ಲಿ ಒಬ್ಬನು ಪುರೋಹಿತ ಮಂಡಲಿಗೂ ಇನ್ನೊಬ್ಬನು ಶಕುನಜ್ಞರ ಮಂಡಲಿಗೂ ಸೇರಿದ್ದುದರ ಸಂಕೇತವದು. ಇನ್ನೊಂದು ಬಗೆಯಲ್ಲಿ ಟೈಬೀರಿಯಸ್‌ನ ಮುಖವೂ, ಹಿಂಬದಿಯಲ್ಲಿ ರಾಜದಂಡ ಮತ್ತು ಕೊಂಬೆಯನ್ನು ಹಿಡಿದು ಕುಳಿತ ಸ್ತ್ರೀಯೂ, ಮಹಾಪುರೋಹಿತನೆಂಬ ಬಿರುದೂ ಇವೆ. ಆ ಸ್ತ್ರೀಯನ್ನು ಶಾಂತಿದೇವತೆಯೆಂದು ಕೆಲವರೂ ರಾಜಮಾತೆ ಲಿವಿಯಾ ಎಂದು ಕೆಲವರೂ ಗುರುತಿಸುತ್ತಾರೆ. ಇವೆರಡೂ ಇಂದಿನ ಫ್ರಾನ್ಸ್ ದೇಶದ ಲಿಯೋನ್ ನಗರದ ಕಮ್ಮಟದಲ್ಲಿ ಅಚ್ಚಾದವು. ಅಷ್ಟು ದೂರದಿಂದ ಬಂದ ನಾಣ್ಯವನ್ನು ಇಲ್ಲಿಯ ವರ್ತಕನು ಬೆಳ್ಳಿಯ ತೂಕಕ್ಕಾಗಿ ಬರಮಾಡಿಕೊಂಡನು. ಅದರ ಮೇಲಿದ್ದ ದೈವವು ಅವನಿಗೆ ಸಂಬಂಧಿಸಿದ ವಿಷಯವಾಗಿರಲಿಲ್ಲ.

ಯೇಸುವಿಗೆ ತೆರಿಗೆಯ ನಾಣ್ಯವನ್ನು ತೋರಿಸಿ ಪರೀಕ್ಷಿಸಿದರೆಂದು ಕ್ರೈಸ್ತರ ಸುವಾರ್ತೆಗಳಲ್ಲಿ ಒಂದು ಪ್ರಸಂಗವಿದೆ. ಆ ನಾಣ್ಯವು ಟೈಬೀರಿಯಸ್‌ನ ಈ ಡಿನೇರಿಯಸ್ಸೇ ಎಂಬುದು ಪರಂಪರೆಯಿಂದ ಬಂದ ಅಭಿಪ್ರಾಯ. ಅದರ ಮುಂಬದಿಯ ಅಕ್ಷರಗಳು ಚಕ್ರವರ್ತಿಯನ್ನು ದಿವ್ಯನಾದ ಆಗಸ್ಟಸ್‌ನ ಮಗನೆಂದು ಕರೆಯುತ್ತವೆ. ಒಬ್ಬನೇ ದೇವರನ್ನು ನಂಬಿದ ಜನರು ದಿನವೂ ಮುಟ್ಟಬೇಕಾಗಿದ್ದ ಹಣದ ಮೇಲೆ ಇಂತಹ ಮಾತು ಕೆತ್ತಿದ್ದಿತೆಂಬುದನ್ನು ನೆನೆದರೆ ಆ ಪ್ರಸಂಗದ ತೀಕ್ಷ್ಣತೆಯು ಮನಸ್ಸಿಗೆ ತಟ್ಟುತ್ತದೆ.

ಮರಣಾನಂತರದ ದೇವಪದವಿಯು ಎಲ್ಲ ಚಕ್ರವರ್ತಿಗಳಿಗೂ ದೊರೆಯುತ್ತಿರಲಿಲ್ಲ. ಅದನ್ನು ಸೆನೆಟ್ ಸಭೆಯು ನಿರ್ಣಯಿಸಬೇಕಾಗಿತ್ತು. ಟೈಬೀರಿಯಸ್, ನೀರೋ, ಡೊಮಿಷಿಯನ್ ಮೊದಲಾದವರಿಗೆ ಅದು ಲಭಿಸಲಿಲ್ಲ. ಕ್ರಿ. ಶ. ೭೯ರಲ್ಲಿ ಮರಣಶಯ್ಯೆಯಲ್ಲಿದ್ದ ವೆಸ್ಪೇಸಿಯನ್‌ನು, ತಾನು ದೇವನಾಗುತ್ತಿರುವಂತೆ ತೋರುತ್ತದೆಯೆಂದು ಪರಿಹಾಸ ಮಾಡಿದುದನ್ನು ಇತಿಹಾಸಕಾರ ಸುಯೆಟೋನಿಯಸ್‌ನು ದಾಖಲಿಸಿದ್ದಾನೆ. ಮುಂದೆ ಅವನ ಹೆಸರಿನ ಹಿಂದೆ ‘ದಿವಸ್’ ಸೇರಿದ ನಾಣ್ಯಗಳು ಬಂದೇಬಂದವು. ಇಂತಹ ನಾಣ್ಯಗಳಲ್ಲಿ ‘ಕಾನ್ಸೆಕ್ರೇಷಿಯೋ’ ಎಂಬ ಪದದೊಡನೆ, ಆತ್ಮವನ್ನು ಸ್ವರ್ಗಕ್ಕೊಯ್ಯುವ ಹದ್ದನ್ನೋ, ಹಲವು ಅಂತಸ್ತುಗಳ ಚಿತೆಯನ್ನೋ ಕಾಣಬಹುದು. ರಾಣಿಯರಿಗೆ ಜೂನೋ ದೇವಿಯ ಪಕ್ಷಿಯಾದ ನವಿಲು ಮೀಸಲು. ಕ್ರಿ. ಶ. ೧೪೦ರಲ್ಲಿ ತೀರಿಕೊಂಡ ಹಿರಿಯ ಫೌಸ್ಟೀನಳಿಗಾಗಿ ಅವಳ ಪತಿ ಆಂಟೊನೈನಸ್ ಪಯಸ್‌ನು ಹೊರಡಿಸಿದ ನಾಣ್ಯಗಳು ಅತಿ ವಿಪುಲ. ಅವಳಿಗೆ ಕಟ್ಟಿದ ದೇವಾಲಯದ ಕಂಬಗಳು ರೋಮ್‌ನ ಫೋರಮ್ಮಿನಲ್ಲಿ ಇಂದಿಗೂ ನಿಂತಿವೆ.

ಗುಣಗಳೇ ದೇವತೆಗಳು

ರೋಮನ್ ನಾಣ್ಯಗಳಲ್ಲಿ ಜೂಪಿಟರ್, ಮಾರ್ಸ್, ಮಿನರ್ವ, ಅಪೋಲೋ ಮೊದಲಾದ ಹಿರಿಯ ದೇವತೆಗಳೊಡನೆ ಮತ್ತೊಂದು ದೇವಗಣವೂ ಇದೆ. ಶಾಂತಿ, ಸಾಮರಸ್ಯ, ನಿಷ್ಠೆ, ನ್ಯಾಯ, ಆರೋಗ್ಯ, ಭರವಸೆ, ಸಮೃದ್ಧಿ ಮುಂತಾದ ಗುಣಗಳಿಗೆ ಸ್ತ್ರೀರೂಪ ಕೊಟ್ಟು ರೋಮನರು ಪೂಜಿಸುತ್ತಿದ್ದರು. ಅಕ್ಷರಜ್ಞಾನವಿಲ್ಲದವರೂ ಕೈಯಲ್ಲಿ ಹಿಡಿದ ವಸ್ತುವಿನಿಂದ ಅವರನ್ನು ಗುರುತಿಸಬಹುದಾಗಿತ್ತು. ತಕ್ಕಡಿ ಹಿಡಿದವಳು ಈಕ್ವಿಟಾಸ್, ಅಂದರೆ ನ್ಯಾಯ; ಹಾವಿಗೆ ಆಹಾರ ನೀಡುವವಳು ಸಾಲಸ್, ಅಂದರೆ ಕ್ಷೇಮ; ಬಲಿಪೀಠದ ಬಳಿ ಅರ್ಪಣೆಯ ಬಟ್ಟಲನ್ನು ಹಿಡಿದವಳು ಪಿಯೆಟಾಸ್, ಅಂದರೆ ದೇವರಲ್ಲಿಯೂ ಹಿರಿಯರಲ್ಲಿಯೂ ಇರಬೇಕಾದ ಭಕ್ತಿ. ತೆನೆಗಳನ್ನು ಹಿಡಿದು, ಕೊಳಗವನ್ನೂ ಹಡಗಿನ ಮೂತಿಯನ್ನೂ ಬಳಿಯಲ್ಲಿರಿಸಿಕೊಂಡವಳು ಅನ್ನೋನ. ಹಡಗಿನಲ್ಲಿ ರೋಮ್‌ಗೆ ಬರುವ ಧಾನ್ಯದ ಪೂರೈಕೆಯೇ ಅವಳ ರೂಪದಲ್ಲಿ ದೇವತೆಯಾಗಿದೆ.

ಈ ದೇವತೆಗಳ ಹೆಸರಿನ ಮುಂದೆ ಹಲವು ವೇಳೆ ‘ಆಗುಸ್ಟಿ’ ಎಂಬ ಷಷ್ಠೀವಿಭಕ್ತಿಯ ಪದವು ಬರುತ್ತದೆ. ಆಗ ‘ಚಕ್ರವರ್ತಿಯ ಶಾಂತಿ’, ‘ಚಕ್ರವರ್ತಿಯ ನ್ಯಾಯ’ ಎಂದು ಅರ್ಥವಾಗುತ್ತದೆ. ವಿಭಕ್ತಿಯೊಂದರ ಬಲದಿಂದ ಲೋಕದ ಸೊತ್ತಾದ ಶಾಂತಿಯು ದೊರೆಯ ಸೊತ್ತಾಗುವುದನ್ನು ವ್ಯಾಕರಣ ಬಲ್ಲವರು ಗಮನಿಸದಿರಲಾರರು. ಹೊಟ್ಟೆಗೆ ಅನ್ನ, ಗಡಿಗೆ ಕಾವಲು, ತಕ್ಕಡಿಗೆ ಸಮತೂಕ, ಇವೆಲ್ಲವೂ ದೊರೆಯ ಮೂಲಕವೇ ದೇವತೆಗಳಿಂದ ಬರುತ್ತವೆಯೆಂಬುದು ನಾಣ್ಯದ ಬೋಧೆ.

ಪ್ರತಿಮೆಯು ಅಪಚಾರವೆನಿಸಿದಾಗ

ಈ ಬೋಧೆಯನ್ನು ಎಲ್ಲರೂ ಒಪ್ಪಿದರೆಂದು ತಿಳಿಯಬಾರದು. ದೇವರಿಗೆ ರೂಪ ಕಲ್ಪಿಸುವುದನ್ನು ನಿಷೇಧಿಸಿದ ಯೆಹೂದ್ಯರ ಪಾಲಿಗೆ ಅದು ದಿನನಿತ್ಯದ ನೋವಾಗಿತ್ತು. ಕ್ರಿ. ಶ. ೭೦ರಲ್ಲಿ ರೋಮನ್ ಸೈನ್ಯವು ಜೆರೂಸಲೇಮಿನ ದೇವಾಲಯವನ್ನು ಸುಟ್ಟು ನಾಶಮಾಡಿತು. ವೆಸ್ಪೇಸಿಯನ್‌ನು ‘ಯೂದೇಯ ಸೆರೆಯಾಯಿತು’ ಎಂಬ ಅರ್ಥದ ನಾಣ್ಯಗಳನ್ನು ಹೊರಡಿಸಿದನು. ಅವುಗಳಲ್ಲಿ ಖರ್ಜೂರದ ಮರದ ಕೆಳಗೆ ತಲೆತಗ್ಗಿಸಿ ಶೋಕಿಸುತ್ತಿರುವ ಸ್ತ್ರೀಯೊಬ್ಬಳು ಕುಳಿತಿದ್ದಾಳೆ. ಯೆಹೂದ್ಯರು ಅದುವರೆಗೆ ತಮ್ಮ ದೇವಾಲಯಕ್ಕೆ ಸಲ್ಲಿಸುತ್ತಿದ್ದ ಕಾಣಿಕೆಯ ಬದಲಿಗೆ, ವರ್ಷಕ್ಕೆ ಎರಡು ಡಿನೇರಿಯಸ್‌ಗಳನ್ನು ರೋಮ್‌ನ ಜೂಪಿಟರ್ ದೇವಾಲಯಕ್ಕಾಗಿ ತೆರಬೇಕೆಂದು ಆಜ್ಞೆಯಾಯಿತು. ಡೊಮಿಷಿಯನ್‌ನ ಆಳಿಕೆಯಲ್ಲಿ ಈ ತೆರಿಗೆಯನ್ನು ಕ್ರೂರವಾಗಿ ವಸೂಲು ಮಾಡಲಾಯಿತು. ಕ್ರಿ. ಶ. ೯೬ರಲ್ಲಿ ಪಟ್ಟಕ್ಕೆ ಬಂದ ನೆರ್ವನು, ಯೆಹೂದ್ಯ ತೆರಿಗೆಯ ಹೆಸರಿನ ದುರಾರೋಪಗಳನ್ನು ತೊಡೆದುಹಾಕಿದುದಾಗಿ ನಾಣ್ಯದಲ್ಲಿಯೇ ಸಾರಿದನು. ಅದರಲ್ಲಿಯೂ ಅದೇ ಖರ್ಜೂರದ ಮರವಿದೆ, ಶೋಕಿಸುವ ಸ್ತ್ರೀಯಿಲ್ಲ. ತೆರಿಗೆಯು ಮಾತ್ರ ಮುಂದುವರಿಯಿತು.

ಮುಂದೆ ಹೇಡ್ರಿಯನ್‌ನು ಜೆರೂಸಲೇಮಿನ ಸ್ಥಾನದಲ್ಲಿ ಜೂಪಿಟರ್‌ನ ಹೆಸರಿನಿಂದ ಹೊಸ ನಗರವೊಂದನ್ನು ಸ್ಥಾಪಿಸಿದನು. ಕ್ರಿ. ಶ. ೧೩೨ರಿಂದ ೧೩೫ರವರೆಗೆ ಬಾರ್ ಕೊಖ್ಬನ ನಾಯಕತ್ವದಲ್ಲಿ ಯೆಹೂದ್ಯರು ದಂಗೆಯೆದ್ದರು. ದಂಗೆಕಾರರಲ್ಲಿ ಹೊಸ ನಾಣ್ಯಕ್ಕೆ ಬೇಕಾದ ಲೋಹವು ಚಲಾವಣೆಯಲ್ಲಿದ್ದ ರೋಮನ್ ನಾಣ್ಯಗಳ ರೂಪದಲ್ಲಿಯೇ ಇದ್ದಿತು. ಆ ನಾಣ್ಯಗಳ ಮೇಲೆಯೇ ಅವರು ತಮ್ಮ ಅಚ್ಚನ್ನು ಒತ್ತಿ, ಚಕ್ರವರ್ತಿಯ ಮುಖದ ಎಡೆಯಲ್ಲಿ ಹೀಬ್ರೂ ಅಕ್ಷರಗಳನ್ನೂ, ದೊಡ್ಡ ಬೆಳ್ಳಿಯ ನಾಣ್ಯಗಳಲ್ಲಿ ನಾಶವಾದ ತಮ್ಮ ದೇವಾಲಯದ ಮುಖಮಂಟಪವನ್ನೂ ಮೂಡಿಸಿದರು. ಇಂದು ಅವುಗಳನ್ನು ಪರೀಕ್ಷಿಸಿದರೆ, ದೇವಾಲಯದ ಕಂಬಗಳ ನಡುವೆ ರೋಮನ್ ದೊರೆಯ ಮೂಗೋ ಬಿರುದಿನ ಅಕ್ಷರಗಳೋ ಮಸುಕಾಗಿ ಉಳಿದಿರುವುದನ್ನು ಕೆಲವೆಡೆ ಕಾಣಬಹುದು. ನಾಣ್ಯದ ಮೇಲಿನ ದೈವವು ಪ್ರಜೆಗಳೆಲ್ಲರ ದೈವವಲ್ಲವೆಂಬುದಕ್ಕೆ ಇದಕ್ಕಿಂತ ಬಲವಾದ ಪ್ರಮಾಣ ಬೇಕಿಲ್ಲ.

ಬೆಳ್ಳಿ ತಗ್ಗಿತು, ದೇವತೆಗಳು ಹೆಚ್ಚಿದರು

ನಾಣ್ಯಕ್ಕೆ ಎರಡು ಬದಿಗಳಲ್ಲದೆ ಮೂರನೆಯ ಸಾಕ್ಷಿಯೊಂದುಂಟು, ಅದು ಲೋಹ. ಆಗಸ್ಟಸ್‌ನ ಡಿನೇರಿಯಸ್ ಬಹುಮಟ್ಟಿಗೆ ಅಪ್ಪಟ ಬೆಳ್ಳಿ. ಕ್ರಿ. ಶ. ೬೪ರ ಸುಮಾರಿಗೆ ನೀರೋ ಅದರ ತೂಕವನ್ನೂ ಶುದ್ಧತೆಯನ್ನೂ ತಗ್ಗಿಸಿದನು. ಮೂರನೆಯ ಶತಮಾನದಲ್ಲಿ ಗಡಿಗಳಲ್ಲಿ ಯುದ್ಧ, ಒಳಗೆ ದಂಗೆ, ಸೈನಿಕರಿಗೆ ಏರುತ್ತಲೇ ಇದ್ದ ಸಂಬಳ, ಇವುಗಳಿಂದ ಬೊಕ್ಕಸವು ಬರಿದಾಗುತ್ತ ಬಂತು. ಕ್ರಿ. ಶ. ೨೧೫ರಲ್ಲಿ ಕ್ಯಾರಕಲನು ಹೊರಡಿಸಿದ ಹೊಸ ಬೆಳ್ಳಿಯ ನಾಣ್ಯವು ಅರ್ಧ ಶತಮಾನ ಕಳೆಯುವುದರೊಳಗೆ ಬೆಳ್ಳಿಯ ತೆಳುಲೇಪವುಳ್ಳ ತಾಮ್ರದ ಬಿಲ್ಲೆಯಾಗಿಹೋಯಿತು. ಇದೇ ಅವಧಿಯಲ್ಲಿ ನಾಣ್ಯಗಳಲ್ಲಿ ದೇವತೆಗಳ ಮೊರೆಯು ತೀವ್ರವಾಗುತ್ತ ಹೋದುದು ಗಮನಾರ್ಹ.

ಕ್ರಿ. ಶ. ೨೧೮ರಿಂದ ೨೨೨ರವರೆಗೆ ಆಳಿದ ಎಲಗಬಾಲಸ್‌ನು ಸಿರಿಯಾ ದೇಶದ ಎಮೆಸ ನಗರದ ಸೂರ್ಯದೇವನ ಅರ್ಚಕನಾಗಿದ್ದವನು. ಆ ದೇವನಿಗೆ ಮನುಷ್ಯಾಕೃತಿಯಿರಲಿಲ್ಲ. ಶಂಕುವಿನಾಕಾರದ ಕರಿಯ ಶಿಲೆಯೇ ಅವನ ಮೂರ್ತಿ. ಎಲಗಬಾಲಸ್‌ನು ಆ ಶಿಲೆಯನ್ನು ರೋಮ್‌ಗೆ ತಂದು ಜೂಪಿಟರ್‌ಗಿಂತ ಮೇಲಿನ ಸ್ಥಾನವನ್ನು ಕೊಟ್ಟನು. ನಾಲ್ಕು ಕುದುರೆಗಳ ರಥದಲ್ಲಿ ಆ ಶಿಲೆಯು ಸಾಗುವುದನ್ನು ಅವನ ನಾಣ್ಯಗಳಲ್ಲಿ ಕಾಣಬಹುದು. ಶಿಲೆಯ ಮುಂದೆ ಒಂದು ಹದ್ದು ಇದೆ. ಈ ಚಿತ್ರವನ್ನು ಕಂಡಾಗ ನಮ್ಮವರ ಮನಸ್ಸು ಲಿಂಗದ ಕಡೆಗೆ ಹರಿಯುವುದು ಸಹಜ. ಆದರೆ ಆಕಾರದ ಹೋಲಿಕೆಯು ಸಂಬಂಧಕ್ಕೆ ಪ್ರಮಾಣವಾಗಲಾರದು. ಎಮೆಸದ ಶಿಲೆಯ ಹಿನ್ನೆಲೆಯನ್ನು ಸಿರಿಯಾದ ಉಪಾಸನೆಯಲ್ಲಿಯೇ ಅರಸಬೇಕು. ಕ್ರಿ. ಶ. ೨೨೨ರಲ್ಲಿ ಎಲಗಬಾಲಸ್‌ನು ಹತನಾದನು. ಶಿಲೆಯು ಎಮೆಸಕ್ಕೆ ಹಿಂತಿರುಗಿತು. ಅವನ ಉತ್ತರಾಧಿಕಾರಿಯಾದ ಸೆವೆರಸ್ ಅಲೆಕ್ಸಾಂಡರನ ನಾಣ್ಯಗಳಲ್ಲಿ ಸೇಡು ತೀರಿಸುವ ಜೂಪಿಟರ್ ಕಾಣಿಸಿಕೊಂಡನು. ರಾಜನು ಬದಲಾದೊಡನೆ ನಾಣ್ಯದ ದೈವವೂ ಬದಲಾಯಿತು.

ಕ್ರಿ. ಶ. ೨೪೯ರಲ್ಲಿ ಪಟ್ಟಕ್ಕೆ ಬಂದ ಡೇಸಿಯಸ್‌ನು, ಸಾಮ್ರಾಜ್ಯದ ನಿವಾಸಿಗಳೆಲ್ಲರೂ ದೇವತೆಗಳಿಗೆ ಬಲಿಯರ್ಪಿಸಬೇಕೆಂದು ಆಜ್ಞೆಮಾಡಿದನು. ಒಪ್ಪದ ಕ್ರೈಸ್ತರು ಶಿಕ್ಷೆಗೆ ಗುರಿಯಾದರು. ದಿವ್ಯಪದವಿಗೇರಿದ ಹಿಂದಿನ ಚಕ್ರವರ್ತಿಗಳ ಮುಖಗಳನ್ನು ಮರಳಿ ಅಚ್ಚುಹಾಕಿದ ನಾಣ್ಯಮಾಲೆಯೊಂದನ್ನು ವಿದ್ವಾಂಸರು ಸಾಮಾನ್ಯವಾಗಿ ಇವನ ಆಳಿಕೆಗೆ ಸೇರಿಸುತ್ತಾರೆ. ಗ್ಯಾಲಿಯೇನಸ್‌ನ ಆಳಿಕೆಯ ಕೊನೆಯ ವರ್ಷಗಳಲ್ಲಿ, ಸುಮಾರು ಕ್ರಿ. ಶ. ೨೬೭-೬೮ರಲ್ಲಿ, ಬೆಳ್ಳಿಯು ನಾಮಮಾತ್ರವಾಗಿದ್ದಾಗ, ಒಂದು ಇಡೀ ದೇವಗಣವೇ ನಾಣ್ಯಗಳಲ್ಲಿ ಮೆರವಣಿಗೆ ಹೊರಟಿತು. ಡಯಾನಳಿಗೆ ಜಿಂಕೆ, ಲಿಬರ್ ದೇವನಿಗೆ ಚಿರತೆ, ನೆಪ್ಚೂನ್‌ಗೆ ಕಡಲ ಕುದುರೆ, ಸೂರ್ಯನಿಗೆ ರೆಕ್ಕೆಯ ಕುದುರೆ: ಹೀಗೆ ಒಬ್ಬೊಬ್ಬ ದೇವತೆಯ ಪ್ರಾಣಿಯೊಡನೆ ‘ಚಕ್ರವರ್ತಿಯ ರಕ್ಷಕ’ ಎಂಬ ಅರ್ಥದ ಬರಹವಿದೆ. ಪ್ರಜೆಯು ಲೋಹವನ್ನು ನಂಬದಂತಾದಾಗ ಪ್ರಭುವು ದೇವತೆಗಳನ್ನು ಜಾಮೀನು ನಿಲ್ಲಿಸಿದನೆಂದರೆ ತಪ್ಪಾಗಲಾರದು.

ಸೂರ್ಯನಿಂದ ಶಿಲುಬೆಗೆ

ಕ್ರಿ. ಶ. ೨೭೦ರಿಂದ ೨೭೫ರವರೆಗೆ ಆಳಿದ ಆರೇಲಿಯನ್‌ನು ನಾಣ್ಯವನ್ನು ಸುಧಾರಿಸಿದನು. ೨೭೪ರಲ್ಲಿ ರೋಮ್‌ನಲ್ಲಿ ಅಜೇಯ ಸೂರ್ಯನಿಗೆ ದೇವಾಲಯವನ್ನೂ ಸಮರ್ಪಿಸಿದನು. ಅವನ ಕೆಲವು ನಾಣ್ಯಗಳಲ್ಲಿ ಸೂರ್ಯನನ್ನು ರೋಮನ್ ಸಾಮ್ರಾಜ್ಯದ ಒಡೆಯನೆಂದೇ ಕರೆದಿದೆ. ಬಳಿಕ ೨೮೪ರಲ್ಲಿ ಬಂದ ಡಯೋಕ್ಲೀಷಿಯನ್‌ನು ಜೂಪಿಟರ್‌ನನ್ನು ತನಗೂ, ಹರ್ಕ್ಯೂಲಿಸ್‌ನನ್ನು ತನ್ನ ಸಹಚಕ್ರವರ್ತಿಗೂ ಕುಲದೈವಗಳನ್ನಾಗಿ ಮಾಡಿಕೊಂಡನು. ಕ್ರಿ. ಶ. ೩೦೩ರಲ್ಲಿ ಕ್ರೈಸ್ತರ ಮೇಲಿನ ಅತಿ ದೊಡ್ಡ ಪೀಡನೆಯು ಅವನ ಕಾಲದಲ್ಲಿಯೇ ಆರಂಭವಾಯಿತು.

ಈ ಹಿನ್ನೆಲೆಯಲ್ಲಿ ಕಾನ್‌ಸ್ಟಂಟೈನ್‌ನ ನಾಣ್ಯಗಳನ್ನು ನೋಡಬೇಕು. ಕ್ರಿ. ಶ. ೩೧೨ರಲ್ಲಿ ಮಿಲ್ವಿಯನ್ ಸೇತುವೆಯ ಬಳಿ ಅವನು ಜಯಶಾಲಿಯಾದುದು ಕ್ರಿಸ್ತನ ಕೃಪೆಯಿಂದಲೆಂದು ಕ್ರೈಸ್ತ ಲೇಖಕರು ಬಣ್ಣಿಸಿದ್ದಾರೆ. ಅಂದಿನಿಂದ ನಾಣ್ಯಗಳು ಒಮ್ಮೆಗೇ ಕ್ರೈಸ್ತವಾದವೆಂದು ನಿರೀಕ್ಷಿಸಿದರೆ ಆಶ್ಚರ್ಯವು ಕಾದಿರುತ್ತದೆ. ಇಟಲಿಯ ಟಿಸೈನಮ್ ಕಮ್ಮಟದಲ್ಲಿ ೩೧೩ರಲ್ಲಿ ಅಚ್ಚಾದ ದೊಡ್ಡ ಚಿನ್ನದ ಪದಕವೊಂದರಲ್ಲಿ ಕಾನ್‌ಸ್ಟಂಟೈನ್ ಮತ್ತು ಸೂರ್ಯದೇವ ಇಬ್ಬರ ಮುಖಗಳೂ ಅವಳಿಗಳಂತೆ ಒಂದರ ಪಕ್ಕದಲ್ಲೊಂದು ಇವೆ. ಅದೇ ಕಮ್ಮಟದ ೩೧೫ರ ಬೆಳ್ಳಿಯ ಪದಕದಲ್ಲಿ, ಅವನ ಶಿರಸ್ತ್ರಾಣದ ಮೇಲೆ, ಕ್ರಿಸ್ತನ ಹೆಸರಿನ ಮೊದಲೆರಡು ಗ್ರೀಕ್ ಅಕ್ಷರಗಳನ್ನು ಕೂಡಿಸಿದ ಪುಟ್ಟ ಸಂಕೇತವಿದೆ. ಸೂರ್ಯನು ಅವನ ‘ಅಜೇಯ ಸಂಗಾತಿ’ಯಾಗಿ ಸುಮಾರು ೩೨೫ರವರೆಗೂ ನಾಣ್ಯಗಳಲ್ಲಿ ಮುಂದುವರಿದನು. ಸೈನ್ಯದಲ್ಲಿಯೂ ಪ್ರಜೆಗಳಲ್ಲಿಯೂ ಹೆಚ್ಚಿನವರು ಹಳೆಯ ದೇವತೆಗಳನ್ನು ಪೂಜಿಸುತ್ತಿದ್ದ ಕಾಲವದು. ಆದುದರಿಂದ ಯಾರನ್ನೂ ದೂರಮಾಡದ ಚಿತ್ರವು ದೊರೆಗೆ ಬೇಕಾಗಿತ್ತು. ಕ್ರಿ. ಶ. ೩೩೭ರಲ್ಲಿ ಮರಣಕಾಲದಲ್ಲಿ ಅವನು ದೀಕ್ಷಾಸ್ನಾನ ಪಡೆದನು. ಅನಂತರ ಅವನ ಮಕ್ಕಳು ಹೊರಡಿಸಿದ ನಾಣ್ಯದಲ್ಲಿ, ಮುಸುಕು ಹೊದ್ದ ಕಾನ್‌ಸ್ಟಂಟೈನ್‌ನು ನಾಲ್ಕು ಕುದುರೆಗಳ ರಥದಲ್ಲಿ ಮೇಲಕ್ಕೇರುತ್ತಿದ್ದಾನೆ. ಆಕಾಶದಿಂದ ದೇವರ ಕೈಯೊಂದು ಅವನ ಕಡೆಗೆ ಚಾಚಿದೆ. ರಥವೂ ‘ದಿವಸ್’ ಎಂಬ ಬಿರುದೂ ಹಳೆಯವು, ಕೈ ಮಾತ್ರ ಹೊಸ ದೇವರದು.

ಇಷ್ಟಾದ ಮೇಲೂ ಹಳೆಯ ಧರ್ಮವು ಒಮ್ಮೆ ತಲೆಯೆತ್ತಿತು. ಕ್ರಿ. ಶ. ೩೬೧ರಿಂದ ೩೬೩ರವರೆಗೆ ಆಳಿದ ಜೂಲಿಯನ್‌ನು ಪ್ರಾಚೀನ ದೇವತೆಗಳ ಪೂಜೆಯನ್ನು ಪುನರುದ್ಧರಿಸಲು ಹೆಣಗಿದನು. ಅವನ ದೊಡ್ಡ ಕಂಚಿನ ನಾಣ್ಯದಲ್ಲಿ ಒಂದು ಗೂಳಿಯೂ ಅದರ ಮೇಲೆ ಎರಡು ನಕ್ಷತ್ರಗಳೂ ಇವೆ. ಅದು ಬಲಿಪಶುವೋ, ಈಜಿಪ್ಟಿನ ಆಪಿಸ್ ದೇವನೋ, ರಾಶಿಚಕ್ರದ ವೃಷಭವೋ ಎಂಬುದು ಚರ್ಚಾಸ್ಪದ. ಕ್ರೈಸ್ತರೇ ಹೆಚ್ಚಾಗಿದ್ದ ಅಂತಿಯೋಕ್ ನಗರದ ಜನರು ಆ ಗೂಳಿಯನ್ನು ಕುರಿತು ಅಪಹಾಸ್ಯ ಮಾಡಿದರೆಂದು ಚರ್ಚಿನ ಇತಿಹಾಸಕಾರನೊಬ್ಬನು ಬರೆದಿದ್ದಾನೆ. ನಾಣ್ಯದ ಚಿತ್ರಗಳನ್ನು ಜನರು ಗಮನಿಸುತ್ತಿದ್ದರು, ಅವುಗಳ ಮೇಲೆ ವಾದಿಸುತ್ತಿದ್ದರು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ವಿಜಯದೇವಿಯ ರೂಪಾಂತರ

ಈ ಎಲ್ಲ ಬದಲಾವಣೆಗಳ ನಡುವೆ ಎರಡು ರೆಕ್ಕೆಗಳುಳ್ಳ ವಿಕ್ಟೋರಿಯಾ, ಅಂದರೆ ವಿಜಯದೇವಿ, ತನ್ನ ಸ್ಥಾನವನ್ನು ಬಿಡಲಿಲ್ಲ. ಕ್ರಿ. ಶ. ೩೮೨ರಲ್ಲಿ ಗ್ರೇಷಿಯನ್‌ನು ಸೆನೆಟ್ ಸಭಾಭವನದಿಂದ ಅವಳ ಬಲಿಪೀಠವನ್ನು ತೆಗೆಸಿಹಾಕಿದನು. ಪೀಠವು ಹೋಯಿತು, ನಾಣ್ಯದಲ್ಲಿ ದೇವಿಯು ಉಳಿದಳು. ಗೆಲವು ಬೇಡವೆನ್ನುವ ದೊರೆಯಾದರೂ ಯಾರು? ಎರಡನೆಯ ಥಿಯೋಡೋಸಿಯಸ್‌ನ ಆಳಿಕೆಯಲ್ಲಿ, ಸುಮಾರು ೪೨೦ರ ವೇಳೆಗೆ, ಸಾಲಿಡಸ್ ಎಂಬ ಚಿನ್ನದ ನಾಣ್ಯದಲ್ಲಿ ಅವಳ ಕೈಗೆ ಉದ್ದನೆಯ ಶಿಲುಬೆ ಬಂದಿತು. ಒಂದನೆಯ ಜಸ್ಟಿನ್‌ನ ಕಾಲದಲ್ಲಿ, ೫೧೮ರಿಂದ ೫೨೭ರ ಅವಧಿಯಲ್ಲಿ, ದೇವಿಯು ಪುರುಷರೂಪದ ದೇವದೂತನಾಗಿ ಮಾರ್ಪಟ್ಟಳು. ರೆಕ್ಕೆಗಳು ಅವೇ, ನಿಂತ ಠೀವಿಯೂ ಬಹುಮಟ್ಟಿಗೆ ಅದೇ, ಮತವು ಮಾತ್ರ ಬೇರೆ. ಹಾವೇರಿ ಜಿಲ್ಲೆಯ ಹಾನಗಲ್ಲ ತಾಲ್ಲೂಕಿನ ಅಕ್ಕಿಆಲೂರಿನಲ್ಲಿ ಇದೇ ೫, ೬ನೆಯ ಶತಮಾನಗಳ ಪೂರ್ವ ರೋಮನ್ ಚಕ್ರವರ್ತಿಗಳ ಚಿನ್ನದ ನಾಣ್ಯಗಳು ದೊರೆತಿವೆ. ಚಂದ್ರವಳ್ಳಿಯ ಬೆಳ್ಳಿಯನ್ನೂ ಅಕ್ಕಿಆಲೂರಿನ ಚಿನ್ನವನ್ನೂ ಒಟ್ಟಿಗೆ ಇರಿಸಿದರೆ ರೋಮ್‌ನ ಧಾರ್ಮಿಕ ಇತಿಹಾಸದ ಎರಡು ತುದಿಗಳೂ ಕನ್ನಡ ನೆಲದಲ್ಲಿಯೇ ಸಂಧಿಸುತ್ತವೆ.

ಕೊನೆಯದಾಗಿ, ಎರಡನೆಯ ಜಸ್ಟಿನಿಯನ್‌ನು ತನ್ನ ಮೊದಲ ಆಳಿಕೆಯಲ್ಲಿ, ೬೮೫ರಿಂದ ೬೯೫ರ ಅವಧಿಯಲ್ಲಿ, ಮುಂಬದಿಯನ್ನೇ ಕ್ರಿಸ್ತನ ಮುಖಕ್ಕೆ ಬಿಟ್ಟುಕೊಟ್ಟು ತಾನು ಶಿಲುಬೆ ಹಿಡಿದು ಹಿಂಬದಿಯಲ್ಲಿ ನಿಂತನು. ಮುಂಬದಿಯಲ್ಲಿ ಕ್ರಿಸ್ತನನ್ನು ಆಳುವವರ ಅರಸನೆಂದೂ, ಹಿಂಬದಿಯಲ್ಲಿ ತನ್ನನ್ನು ಕ್ರಿಸ್ತನ ದಾಸನೆಂದೂ ಬರೆಯಿಸಿದನು. ದೇವಪುತ್ರನೆಂಬ ಬಿರುದಿನಿಂದ ತೊಡಗಿದ ನಾಣ್ಯಪರಂಪರೆಯು ದಾಸನೆಂಬ ಬಿರುದಿಗೆ ಬಂದು ಮುಟ್ಟಿತು. ಆದರೂ ಈ ದಾಸ್ಯವನ್ನು ಸಾರಿದ ಕಮ್ಮಟವು ಅರಸನದೇ ಆಗಿತ್ತೆಂಬುದನ್ನು ಮರೆಯಲಾಗದು. ಇದೇ ದಾಸನನ್ನು ೬೯೫ರಲ್ಲಿ ಪ್ರಜೆಗಳು ದಂಗೆಯೆದ್ದು ಪಟ್ಟದಿಂದಿಳಿಸಿ, ಮೂಗನ್ನು ಕೊಯ್ದು ದೇಶದಿಂದ ಹೊರಗಟ್ಟಿದರು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಒಂದು ಮಾತು ಫಲಿಸುತ್ತದೆ. ರೋಮನ್ ನಾಣ್ಯದ ಮೇಲಿನ ದೇವತೆಯು ಮೊದಲಿಗೆ ಪ್ರಭುವಿನ ಮಾತು. ಪ್ರಜೆಯ ಭಕ್ತಿಯನ್ನು ಅರಿಯಬೇಕಾದರೆ ಮನೆಯ ಮೂಲೆಯ ಪುಟ್ಟ ಗುಡಿ, ಗೋರಿಯ ಬರಹ, ಹರಕೆಯ ಫಲಕ ಮೊದಲಾದ ಬೇರೆ ಸಾಕ್ಷಿಗಳ ಬಳಿಗೆ ಹೋಗಬೇಕು. ಪ್ರಭುವಿನ ಮಾತೆಂದ ಮಾತ್ರಕ್ಕೆ ಅದೆಲ್ಲವೂ ಕಪಟವೆಂದು ಹೇಳುವುದೂ ಸರಿಯಲ್ಲ. ಆರೇಲಿಯನ್‌ನು ಸೂರ್ಯನನ್ನೂ ಜೂಲಿಯನ್‌ನು ಹಳೆಯ ದೇವತೆಗಳನ್ನೂ ನಿಜವಾಗಿ ನಂಬಿದ್ದಿರಬಹುದು. ಆದರೆ ಹೃದಯದೊಳಗಿನ ನಂಬಿಕೆಯು ನಾಣ್ಯದ ಮೇಲೆ ಬಂದೊಡನೆ ಆಜ್ಞೆಯ ಸ್ವರೂಪವನ್ನು ತಾಳುತ್ತದೆ. ಆ ನಂಬಿಕೆಯಿಲ್ಲದವನೂ ಅದನ್ನು ಜೇಬಿನಲ್ಲಿ ಹೊರಬೇಕಾಗುತ್ತದೆ. ಯೂದೇಯದ ಜನರು ಅನುಭವಿಸಿದುದು ಈ ಭಾರವನ್ನೇ.

ಆದಕಾರಣ ಇತಿಹಾಸವನ್ನು ಬೋಧಿಸುವ ಉಪಾಧ್ಯಾಯರು ನಾಣ್ಯದ ಚಿತ್ರವನ್ನು ವಿದ್ಯಾರ್ಥಿಗಳಿಗೆ ತೋರಿಸುವಾಗ ಮೂರು ಪ್ರಶ್ನೆಗಳನ್ನು ಕೇಳಿಸುವುದು ಉಪಯುಕ್ತ. ಮುಂಬದಿಯಲ್ಲಿ ಯಾರಿದ್ದಾರೆ? ಹಿಂಬದಿಯಲ್ಲಿ ಅವರು ಯಾರನ್ನು ಸಾಕ್ಷಿಗೆ ಕರೆದಿದ್ದಾರೆ? ಲೋಹವು ಆ ಸಾಕ್ಷ್ಯವನ್ನು ಸಮರ್ಥಿಸುತ್ತದೆಯೇ? ಈ ಮೂರಕ್ಕೂ ಉತ್ತರ ದೊರೆತಾಗಲೇ ನಾಣ್ಯವನ್ನು ಓದಿದಂತಾಗುತ್ತದೆ.

ಹೊಲ ಉಳುವಾಗಲೋ ಪಾಯ ತೋಡುವಾಗಲೋ ಇಂತಹ ನಾಣ್ಯಗಳು ನಮ್ಮ ಹಳ್ಳಿಗಳಲ್ಲಿ ಇನ್ನೂ ಸಿಕ್ಕಾವು. ಅಕ್ಕಸಾಲಿಗನ ಕುಲುಮೆಗೆ ಹೋದ ನಾಣ್ಯದಿಂದ ದೊರೆಯುವುದು ಲೋಹದ ಬೆಲೆಯಷ್ಟೆ; ಅದರ ಎರಡು ಮುಖಗಳೂ ಕರಗಿಹೋಗುತ್ತವೆ. ಸಿಕ್ಕಿದ ಎಡೆಯ ವಿವರದೊಡನೆ ಅದನ್ನು ಸರ್ಕಾರದ ಅಧಿಕಾರಿಗಳಿಗೆ ಒಪ್ಪಿಸಿದರೆ ಅದು ವಸ್ತುಸಂಗ್ರಹಾಲಯವನ್ನು ಸೇರಿ, ನಾಡಿನ ಇತಿಹಾಸಕ್ಕೆ ಒಂದು ಸಾಲನ್ನು ಸೇರಿಸುತ್ತದೆ. ಈ ಅರಿವನ್ನು ಶಾಲೆಯ ಮಕ್ಕಳಲ್ಲಿ ಮೂಡಿಸುವುದು ವಿದ್ಯಾದಾನದ ಒಂದು ಭಾಗವೇ ಸರಿ.